ಶಟಲ್ ಆಡೋಕೆ ಜೊತೆ ಬೇಕು, ಎಲ್ಲಿ ಹುಡುಕಲಿ?

ಪ್ರಶ್ನೆ: ನಾನು 37 ವರ್ಷದ ಹೆಂಗಸು. ಊರು ಸಾಗರದ ಹತ್ತಿರ. ಈಗ ಬೆಂಗಳೂರಿನ ಬನಶಂಕರಿ 6ನೇ ಹಂತದಲ್ಲಿದ್ದೇವೆ. ಕಾಲೇಜಿನಲ್ಲಿ ಶಟಲ್ ಬ್ಯಾಡ್ಮಿಂಟನ್ ತಕ್ಕಮಟ್ಟಿಗೆ ಆಡುತ್ತಿದ್ದೆ. ಆಮೇಲೆ ಹದಿನೈದು ವರ್ಷ ರಾಕೆಟ್ ಮುಟ್ಟಿಲ್ಲ. ಈಗ ಮತ್ತೆ ಆಡುವ ಆಸೆ ಬಂದಿದೆ. ಮನೆಯವರಿಗೆ ಇದರಲ್ಲಿ ಆಸಕ್ತಿ ಇಲ್ಲ. ಆಟಕ್ಕೆ ಜನ ಕೂಡಿಸುವ ಆಪ್ ನೋಡಿ ಒಂದು ಆಟಕ್ಕೆ ಹೋದೆ. ಅಲ್ಲಿದ್ದವರೆಲ್ಲ ನನಗಿಂತ ತುಂಬಾ ಚೆನ್ನಾಗಿ ಆಡುವವರು. ‘ನೀವು ನೆಟ್ ಹತ್ತಿರ ನಿಂತ್ಕೊಳ್ಳಿ ಸಾಕು’ ಅಂದರು. ಒಂದು ಗಂಟೆಯಲ್ಲಿ ನನ್ನ ರಾಕೆಟ್‌ಗೆ ಶಟಲ್ ತಾಗಿದ್ದೇ ಕಮ್ಮಿ. ಆಮೇಲೆ ನಮ್ಮ ಅಪಾರ್ಟ್‌ಮೆಂಟ್‌ನ ನಾಲ್ವರು ಸೇರಿ ವಾಟ್ಸಾಪ್ ಗುಂಪು ಮಾಡಿದೆವು. ಎರಡು ವಾರ ಆಡಿದೆವು. ಮೂರನೇ ವಾರದಿಂದ ಒಬ್ಬರಲ್ಲ ಒಬ್ಬರು ತಪ್ಪಿಸಿಕೊಂಡು ನಿಂತೇ ಹೋಯಿತು. ನನ್ನಂಥವರಿಗೆ ಜೊತೆ ಸಿಗುವುದು ಹೇಗೆ? ಕೋಚಿಂಗ್ ಸೇರಬೇಕಾ? ಹತ್ತಿರದ ಕೋರ್ಟ್‌ನವರು ವರ್ಷದ ಮೆಂಬರ್‌ಶಿಪ್ ತಗೊಳ್ಳಿ ಅನ್ನುತ್ತಾರೆ, ತಗೊಳ್ಳಬಹುದಾ? ಗುರುತಿಲ್ಲದವರ ಜೊತೆ ಆಡಲು ಸ್ವಲ್ಪ ಅಳುಕೂ ಇದೆ. ವಾರದಲ್ಲಿ ಮೂರು ದಿನ ನನಗೆ ಮನೆಯಿಂದಲೇ ಕೆಲಸ. ಹಳೇ ರಾಕೆಟ್ ಇದೆ, ಹೊಸದು ಬೇಕಾ? (ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಬೇಸರಗಳಿವೆ. ಮೊದಲ ಸಲ ಆಡುವವರು ಸಿಕ್ಕರು, ನಿಮ್ಮನ್ನು ಆಡಿಸಲಿಲ್ಲ. ಎರಡನೇ ಸಲ ಆಡಿಸುವವರು ಸಿಕ್ಕರು, ಉಳಿಯಲಿಲ್ಲ. ಎರಡನ್ನೂ ಸೇರಿಸಿ ‘ನನಗೆ ಜೊತೆ ಸಿಗ್ತಿಲ್ಲ’ ಅಂದುಕೊಂಡಿದ್ದೀರಿ. ದೊಡ್ಡವರ ಬ್ಯಾಚ್‌ಗಳಿಗೆ ಶಟಲ್ ಕಲಿಸುವ ನನ್ನ ಕಿವಿಗೆ ಈ ಮಾತು ಮೇಲಿಂದ ಮೇಲೆ ಬೀಳುತ್ತದೆ. ಹೇಳುವವರಲ್ಲಿ ಹೆಂಗಸರೂ ಇದ್ದಾರೆ, ಗಂಡಸರೂ ಇದ್ದಾರೆ.

ಬೆಂಗಳೂರಿನಲ್ಲಿ ಆಡುವವರಿಗೆ ಬರ ಇಲ್ಲ. ಸಂಜೆ ಏಳರ ಸ್ಲಾಟ್‌ಗೆ ಕೋರ್ಟ್‌ಗಳಿಗೆ ಫೋನ್ ಮಾಡಿ ನೋಡಿ, ಬಹಳಷ್ಟು ಕಡೆ ‘ಫುಲ್ ಇದೆ’ ಅಂತಲೇ ಹೇಳುತ್ತಾರೆ. ಕಷ್ಟ ಇರುವುದು ನಿಮ್ಮ ಮಟ್ಟದವರು, ನಿಮಗೆ ಬಿಡುವಾದ ಹೊತ್ತಿಗೆ, ನಿಮ್ಮ ಮನೆಯ ಹತ್ತಿರ ಸಿಗುವುದರಲ್ಲಿ. ಈ ಮೂರರಲ್ಲಿ ಮೊದಲು ಗಟ್ಟಿ ಮಾಡಬೇಕಾದ್ದು ಹೊತ್ತು. ವಾರದ ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕೋರ್ಟ್ ಅಂತ ಗೊತ್ತುಮಾಡಿಕೊಂಡರೆ ಜನ ಒಬ್ಬೊಬ್ಬರಾಗಿ ಕೂಡಿಕೊಳ್ಳುತ್ತಾರೆ. ಜನರನ್ನು ಮೊದಲು ಸೇರಿಸಿ, ಆಮೇಲೆ ಎಲ್ಲರಿಗೂ ಆಗುವ ಹೊತ್ತು ಹುಡುಕಲು ಹೊರಟರೆ ಅದು ವಾಟ್ಸಾಪ್‌ನಲ್ಲೇ ಮುಗಿದುಹೋಗುತ್ತದೆ.

ಹಳೇ ಕಾಲದಲ್ಲೂ ಹೀಗೇ ಇತ್ತು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಆದರೆ ಜಾಗ ಒಂದೇ, ಬರುವವರಿಗೆಲ್ಲ ಗೊತ್ತಿರುವ ಜಾಗ. ಅಲ್ಲಿಗೆ ಹೋದರೆ ಯಾರಾದರೂ ಸಿಗುತ್ತಾರೆ ಅನ್ನುವ ನಂಬಿಕೆ ಇದ್ದರೆ ಜೊತೆ ತಾನಾಗಿ ಬೆಳೆಯುತ್ತದೆ.

ಈಗ ನಿಮ್ಮ ಅಪಾರ್ಟ್‌ಮೆಂಟ್ ಗುಂಪು ಯಾಕೆ ನಿಂತಿತು ನೋಡೋಣ. ಯಾರಿಗೂ ಆಸಕ್ತಿ ಇರಲಿಲ್ಲ ಅಂತ ನಿಮಗೆ ಅನಿಸಿರಬಹುದು. ನನಗೆ ಹಾಗೆ ಕಾಣುವುದಿಲ್ಲ. ನಾಲ್ಕೇ ಜನರಿದ್ದದ್ದು ಕಾರಣ. ಒಬ್ಬೊಬ್ಬರೂ ನಾಲ್ಕು ವಾರದಲ್ಲಿ ಮೂರು ವಾರ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಮಗುವಿಗೆ ಜ್ವರ, ಊರಿನಲ್ಲಿ ಹಬ್ಬ, ಆಫೀಸಿನ ಕೆಲಸ ಎಲ್ಲ ಇರುವವರಿಗೆ ಅದೇ ದೊಡ್ಡದು. ಅಷ್ಟು ನಿಯತ್ತಾಗಿ ಬಂದರೂ ನಾಲ್ಕೂ ಜನ ಒಟ್ಟಿಗೆ ಸೇರುವ ಸಾಧ್ಯತೆ ಶೇ. 32 ಮಾತ್ರ. ಅಂದರೆ ಮೂರು ವಾರದಲ್ಲಿ ಎರಡು ವಾರ ಡಬಲ್ಸ್ ಆಗುವುದಿಲ್ಲ. ಅದೇ ಆರು ಜನರಿದ್ದರೆ ಕನಿಷ್ಠ ನಾಲ್ವರು ಸೇರುವ ಸಾಧ್ಯತೆ ಶೇ. 83ಕ್ಕೆ ಏರುತ್ತದೆ. ಎಂಟು ಜನರಿದ್ದರೆ ಶೇ. 97. ಆದರೆ ಎಂಟಾದಾಗ ಮೂರು ವಾರಕ್ಕೊಮ್ಮೆಯಾದರೂ ಏಳೆಂಟು ಜನ ಬಂದು ಒಂದು ಕೋರ್ಟ್ ಸಾಲದೇ ಹೋಗುತ್ತದೆ. ಅದಕ್ಕೇ ನಾನು ಒಂದು ಕೋರ್ಟ್‌ಗೆ ಆರು ಜನ ಅನ್ನುವುದು. ನಿಮ್ಮ ನಾಲ್ವರ ಗುಂಪು ಸತ್ತಿಲ್ಲ. ಇನ್ನಿಬ್ಬರು ಬೇಕಾಗಿದ್ದಾರೆ, ಅಷ್ಟೇ.

ಆಪ್‌ನಲ್ಲಿ ಆದ ಅನುಭವ ಬೇರೆ. ಚೆನ್ನಾಗಿ ಆಡುವವರಿಗೆಲ್ಲ ಸೊಕ್ಕು, ಹೊಸಬರನ್ನು ಕಂಡರೆ ಆಗಲ್ಲ ಅನ್ನುವ ಮಾತಿದೆ. ಅಂಥವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಅವರ ಮುಖ ಸಪ್ಪಗಾಗುವುದಕ್ಕೆ ಶಟಲ್ ಕಾರಣ. ಆ ಮಟ್ಟದವರು ಆಡುವುದು ಗರಿಯ ಶಟಲ್‌ನಲ್ಲಿ. ಬಾತುಕೋಳಿಯದೋ ಹೆಬ್ಬಾತಿನದೋ 16 ಗರಿ ಕಾರ್ಕ್‌ಗೆ ಸಿಕ್ಕಿಸಿರುತ್ತಾರೆ. ಒಂದು ಗರಿ ಮುರಿದರೂ ಶಟಲ್ ಓಲಾಡುತ್ತದೆ, ಆಟಕ್ಕೆ ಬರುವುದಿಲ್ಲ. ಕೈ ಪಳಗದವರು ಹೊಡೆದಾಗ ಏಟು ಕಾರ್ಕ್‌ಗೆ ಬೀಳದೆ ಗರಿಗೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಗರಿ ಶಟಲ್‌ನ ಬೆಲೆ ಜೋರಾಗಿ ಏರಿದೆ. ಒಂದು ಗಂಟೆಯಲ್ಲಿ ಎರಡು ಶಟಲ್ ಜಾಸ್ತಿ ಹೋದರೆ ಹಂಚಿಕೊಳ್ಳುವ ಎಲ್ಲರ ಜೇಬಿಗೂ ತಾಗುತ್ತದೆ. ನೀವು ಮೊದಲು ಪ್ಲಾಸ್ಟಿಕ್ ಶಟಲ್ ಬಳಸುವ ಗುಂಪು ಹುಡುಕಿದರೆ ಅರ್ಧ ಕಿರಿಕಿರಿ ಅಲ್ಲೇ ತಪ್ಪುತ್ತದೆ. ಶಟಲ್ ಕೊಳ್ಳುವ ಸರದಿ ನಿಮ್ಮದಾದಾಗ ಕಾರ್ಕ್ ಸುತ್ತಲಿನ ಬಣ್ಣದ ಪಟ್ಟಿ ನೋಡಿ. ಯೋನೆಕ್ಸ್ ಮೇವಿಸ್ 350ರಲ್ಲಿ ಹಸಿರು ನಿಧಾನದ್ದು, ನೀಲಿ ಮಧ್ಯಮ, ಕೆಂಪು ವೇಗದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ತೆಳು, ಶಟಲ್ ಬೇಗ ಓಡುತ್ತದೆ. ಕೆಂಪು ಬೇಡ.

ನಿಮ್ಮನ್ನು ನೆಟ್ ಹತ್ತಿರ ನಿಲ್ಲಿಸಿದ್ದರ ಬಗ್ಗೆಯೂ ಒಂದು ಮಾತು. ಡಬಲ್ಸ್‌ನಲ್ಲಿ ಆಟ ಬಾರದವರನ್ನು ಮುಂದೆ ನಿಲ್ಲಿಸುವುದು ಎಲ್ಲ ಕಡೆ ನಡೆಯುತ್ತದೆ. ನನ್ನ ಪ್ರಕಾರ ಅದು ತಪ್ಪು. ನೆಟ್ ಹತ್ತಿರ ಶಟಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಅಲ್ಲಿ ಕೈ ತುಂಬಾ ಚುರುಕಾಗಿರಬೇಕು. ವರ್ಷಗಟ್ಟಲೆ ಆಡದವರಿಗೆ ಕೋರ್ಟ್‌ನಲ್ಲಿ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಮುಂದಿನ ಸಲ ಯಾರಾದರೂ ಹಾಗೆ ಹೇಳಿದರೆ, ‘ಪಕ್ಕಪಕ್ಕ ನಿಂತು ಆಡೋಣ, ನನ್ನ ಅರ್ಧ ನಾನು ನೋಡ್ಕೊಳ್ತೀನಿ’ ಅಂತ ಬಾಯಿಬಿಟ್ಟು ಹೇಳಿ. ಸೋತರೂ ನಿಮ್ಮ ಕೈಗೆ ಶಟಲ್ ಸಿಗುತ್ತದೆ.

ಇನ್ನು ಮಟ್ಟದ ವಿಷಯ. ಪ್ಲೇಯೋದಂಥ ಆಪ್‌ಗಳಲ್ಲಿ ಆಟ ಕರೆಯುವವರು ಬಿಗಿನರ್, ಇಂಟರ್‌ಮೀಡಿಯೆಟ್ ಅಂತ ಹಾಕಿರುತ್ತಾರೆ. ಅದು ಅವರವರೇ ಕೊಟ್ಟುಕೊಂಡ ಮಾರ್ಕು. ಇಂಟರ್‌ಮೀಡಿಯೆಟ್ ಅನ್ನುವುದರೊಳಗೆ ಶಾಲೆಯಿಂದ ಟೂರ್ನಮೆಂಟ್ ಆಡಿದವರೂ ಇದ್ದಾರೆ, ಮೊನ್ನೆ ಮೊನ್ನೆ ಶುರುಮಾಡಿದವರೂ ಇದ್ದಾರೆ. ಆ ಪದ ನಂಬಬೇಡಿ, ಲಕ್ಷಣ ಕೇಳಿ, ಲಕ್ಷಣ ಹೇಳಿ. ಹಿಂದಿನ ಗೆರೆಯ ಹತ್ತಿರ ನಿಂತು ಎತ್ತರಕ್ಕೆ ಹೊಡೆದ ಹತ್ತು ಏಟಿನಲ್ಲಿ ಐದಾರಾದರೂ ಎದುರಿನವರ ಹಿಂಭಾಗಕ್ಕೆ ತಲುಪುತ್ತವಾ? ಗಿಡ್ಡ ಸರ್ವಿಸ್ ನೆಟ್‌ಗೆ ಸಿಕ್ಕಿಕೊಳ್ಳದೆ ದಾಟುತ್ತಾ? ಹತ್ತು ಏಟಿನ ರ‍್ಯಾಲಿ (ಶಟಲ್ ನೆಲಕ್ಕೆ ಬೀಳದೆ ಆಚೀಚೆ ಓಡಾಡುವುದು) ನಡೆಯುತ್ತಾ? ನಿಮ್ಮ ಸಂದೇಶ ಹೀಗಿರಲಿ: ‘15 ವರ್ಷ ಬಿಟ್ಟು ಮತ್ತೆ ಶುರುಮಾಡ್ತಿದ್ದೀನಿ. ರ‍್ಯಾಲಿ ಆಡ್ತೀನಿ, ಸ್ಮಾಶ್ ಎತ್ತೋಕೆ ಆಗಲ್ಲ. ಪ್ಲಾಸ್ಟಿಕ್ ಶಟಲ್ ಆದ್ರೆ ಒಳ್ಳೇದು. ಸೇರ್ಕೋಬಹುದಾ?’ ಇದನ್ನು ಓದಿ ಬನ್ನಿ ಅಂದವರು ನಿಮ್ಮನ್ನು ನೆಟ್ ಮುಂದೆ ನಿಲ್ಲಿಸುವ ಸಾಧ್ಯತೆ ಕಮ್ಮಿ. ಉತ್ತರ ಕೊಡದವರಿಂದ ನಿಮ್ಮ ಒಂದು ಸಂಜೆ ಉಳಿಯಿತು.

ಹಾಗಾದರೆ ಎಲ್ಲಿ ಹುಡುಕುವುದು? ಎಲ್ಲರೂ ಮರೆಯುವ ಒಂದು ದಾರಿ ಇದೆ. ಕೋರ್ಟ್‌ನ ಕೌಂಟರ್. ಅಲ್ಲಿ ಕೂರುವ ಹುಡುಗನಿಗೋ ಮ್ಯಾನೇಜರಿಗೋ ಇಡೀ ವಾರದ ಲೆಕ್ಕ ಗೊತ್ತಿರುತ್ತದೆ. ಮಂಗಳವಾರ ಬೆಳಿಗ್ಗೆಯ ಗುಂಪಿನಲ್ಲಿ ಒಬ್ಬರು ಕೆಲಸ ಬದಲಾಯಿಸಿ ಊರು ಬಿಟ್ಟಿದ್ದಾರೆ, ಗುರುವಾರದವರಿಗೆ ಪ್ರತಿ ಸಲ ಮೂರೇ ಜನ, ನಾಲ್ಕನೆಯವರಿಗೆ ಮಂಡಿ ನೋವು. ಇಂಥ ಸುದ್ದಿ ಯಾವ ಆಪ್‌ನಲ್ಲೂ ಇರುವುದಿಲ್ಲ. ಮನೆಯಿಂದ ಹದಿನೈದು ನಿಮಿಷದೊಳಗೆ ಹೋಗಬಹುದಾದ ಮೂರು ನಾಲ್ಕು ಕೋರ್ಟ್ ಗುರುತು ಮಾಡಿ. ಅದಕ್ಕಿಂತ ದೂರದ್ದು ಟ್ರಾಫಿಕ್‌ನಲ್ಲಿ ಎರಡು ತಿಂಗಳಿಗೆ ಬೇಸರ ತರಿಸುತ್ತದೆ. ಫೋನ್ ಮಾಡಬೇಡಿ, ನೇರ ಹೋಗಿ. ‘ಯಾವ ಗುಂಪಿಗೆ ಒಬ್ಬರು ಕಮ್ಮಿ ಬೀಳ್ತಾರೆ?’ ಅಂತ ಕೇಳಿ. ಅಲ್ಲೇ ಹತ್ತು ನಿಮಿಷ ಕೂತು ಆಟ ನೋಡಿ. ಆ ಗುಂಪಿನ ಆಟದ ಮಟ್ಟ ಗೊತ್ತಾಗುತ್ತದೆ, ತಪ್ಪು ಹೊಡೆದವರ ಮೇಲೆ ರೇಗುತ್ತಾರಾ ಅನ್ನುವುದೂ ಗೊತ್ತಾಗುತ್ತದೆ. ಎರಡನೆಯದೇ ನಿಮಗೆ ಜಾಸ್ತಿ ಮುಖ್ಯ.

ನಿಮಗೊಂದು ಅನುಕೂಲ ಇದೆ. ಅದನ್ನು ನೀವು ಕೊನೆಯಲ್ಲಿ ಸುಮ್ನೆ ಹೇಳಿ ಬಿಟ್ಟಿದ್ದೀರಿ. ಮನೆಯಿಂದ ಕೆಲಸ ಮಾಡುವ ಆ ಮೂರು ದಿನ. ಕೋರ್ಟ್‌ಗಳಿಗೆ ಗಿರಾಕಿ ಜಾಸ್ತಿ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಒಂಬತ್ತು. ನಡುವಿನ ಹೊತ್ತು ಬಹಳ ಕಡೆ ಖಾಲಿ, ಬಾಡಿಗೆಯೂ ಕಮ್ಮಿ ಇರುವುದುಂಟು. ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಹೆಂಗಸರು, ನಿವೃತ್ತರಾದವರು, ನಿಮ್ಮ ಹಾಗೆ ಮನೆಯಿಂದ ಕೆಲಸ ಮಾಡುವವರು ಆಡುವುದು ಆಗಲೇ. ಆ ಗುಂಪುಗಳಲ್ಲಿ ಗೆಲುವಿನ ಹಟ ಕಮ್ಮಿ, ಹೊಸಬರಿಗೆ ಜಾಗ ಜಾಸ್ತಿ. ಕೌಂಟರ್‌ನಲ್ಲಿ ಕೇಳುವಾಗ ‘ಹಗಲು ಹೊತ್ತು ಆಡುವ ಲೇಡೀಸ್ ಗುಂಪು ಇದೆಯಾ’ ಅಂತಲೂ ಕೇಳಿ. ನಿಮ್ಮ ಆಫೀಸಿನ ಮೀಟಿಂಗ್ ಹೊತ್ತು ಹೊಂದಿದರೆ ನಾನು ಮೊದಲು ಪ್ರಯತ್ನಿಸಲು ಹೇಳುವುದು ಇದನ್ನೇ.

ಕೋಚಿಂಗ್ ಸೇರಬೇಕಾ ಅಂದಿರಿ. ಎರಡು ತಿಂಗಳ ಮಟ್ಟಿಗೆ ಸೇರಿ ಅನ್ನುತ್ತೇನೆ. ನಾನೇ ಕಲಿಸುವವನಾದ್ದರಿಂದ ಹೀಗೆ ಹೇಳುತ್ತೇನೆ ಅಂತ ತಿಳಿಯಬೇಡಿ. ಬ್ಯಾಚ್‌ನಲ್ಲಿ ಏಟು ಕಲಿಯುವುದರ ಜೊತೆಗೆ ಒಂದೇ ಮಟ್ಟದ, ಒಂದೇ ಹೊತ್ತಿಗೆ ಬಿಡುವಿರುವ ಎಂಟು ಹತ್ತು ಜನ ಒಟ್ಟಿಗೆ ಸಿಗುತ್ತಾರೆ. ಅದನ್ನೇ ಅಲ್ವಾ ನೀವು ಹುಡುಕುತ್ತಿರುವುದು? ಇದರಲ್ಲೂ ಎಡವಟ್ಟಾಗಬಹುದು. ಕೆಲವು ಕಡೆ ದೊಡ್ಡವರನ್ನು ಮಕ್ಕಳ ಬ್ಯಾಚ್‌ಗೇ ತುಂಬುತ್ತಾರೆ. ಕೆಲವು ಕಡೆ ಒಂದೇ ಕೋರ್ಟ್‌ನಲ್ಲಿ ಹನ್ನೆರಡು ಜನ ಸಾಲು ನಿಂತು ಗಂಟೆಗೆ ಹತ್ತಾರು ಏಟು ಹೊಡೆದು ಮನೆಗೆ ಹೋಗುತ್ತಾರೆ. ದುಡ್ಡು ಕಟ್ಟುವ ಮುಂಚೆ ಒಂದು ಕ್ಲಾಸು ಹೊರಗೆ ಕೂತು ನೋಡಿ. ಬೇಡ ಅಂತ ತಡೆಯುವ ಕಡೆ ಸೇರಬೇಡಿ.

ವರ್ಷದ ಮೆಂಬರ್‌ಶಿಪ್ ಈಗಲೇ ಬೇಡ. ಮೆಂಬರ್‌ಶಿಪ್ ಇಲ್ಲದೆ ಆಡಲು ಬಿಡಲ್ಲ ಅನ್ನುವುದು ಕ್ಲಬ್‌ಗಳ ಮಟ್ಟಿಗೆ ನಿಜ. ಬಡಾವಣೆಗಳ ಖಾಸಗಿ ಕೋರ್ಟ್‌ಗಳಲ್ಲಿ ಬಹುಪಾಲು ಗಂಟೆಗಿಷ್ಟು ಅಂತ ಕೊಟ್ಟು ಆಡಬಹುದು. ಮೆಂಬರ್‌ಶಿಪ್ ನಿಮಗೆ ಕೋರ್ಟ್ ಕೊಡುತ್ತದೆ, ಜೊತೆ ಕೊಡುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಇಂಥ ಕೋರ್ಟ್‌ಗಳು ಹೆಚ್ಚಾಗಿ ಗುತ್ತಿಗೆಗೆ ಪಡೆದ ಸೈಟಿನಲ್ಲಿ ಶೀಟ್ ಹೊದಿಸಿದ ಶೆಡ್‌ಗಳು. ಜಾಗದ ಮಾಲೀಕರು ಮನೆ ಕಟ್ಟಲು ಹೊರಟರೆ ಕೋರ್ಟ್ ಎದ್ದುಹೋಗುತ್ತದೆ, ಕಟ್ಟಿದ ದುಡ್ಡಿಗಾಗಿ ಓಡಾಡಬೇಕಾಗುತ್ತದೆ. ತಿಂಗಳು ತಿಂಗಳು ಕಟ್ಟಿ. ಆರು ತಿಂಗಳು ಒಂದೇ ಕಡೆ ಆಡಿದ ಮೇಲೆ ಬೇಕಾದರೆ ಮೂರು ತಿಂಗಳದ್ದು ಯೋಚಿಸಿ.

ಪಾರ್ಕಿನಲ್ಲೋ ಅಪಾರ್ಟ್‌ಮೆಂಟ್ ಅಂಗಳದಲ್ಲೋ ಬೆಳಿಗ್ಗೆ ಆಡುವವರ ಜೊತೆ ಸೇರುವುದು ಪರಿಚಯಕ್ಕೆ ಒಳ್ಳೆಯದು. ಗಾಳಿಗೆ ಶಟಲ್ ಎಲ್ಲಿಗೋ ಹೋಗುತ್ತದೆ, ಆಟ ಸುಧಾರಿಸುವುದಿಲ್ಲ, ಸಿಮೆಂಟ್ ನೆಲ ಮಂಡಿಗೂ ಒಳ್ಳೆಯದಲ್ಲ.

ಗುರುತಿಲ್ಲದವರ ಬಗ್ಗೆ ನಿಮ್ಮ ಅಳುಕು ಸರಿಯಾದದ್ದೇ. ಅದನ್ನು ಯಾರೂ ತಮಾಷೆ ಮಾಡುವಂತಿಲ್ಲ. ಮೊದಲ ಆಟ ಹಲವು ಕೋರ್ಟ್ ಇರುವ, ಕೌಂಟರ್‌ನಲ್ಲಿ ಜನ ಇರುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ ಇರಲಿ. ಆ ಗುಂಪಿನಲ್ಲಿ ಇನ್ನೊಬ್ಬ ಹೆಂಗಸು ಇದ್ದಾರಾ ಅಂತ ಮೊದಲೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ಗುಂಪಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ವಾಟ್ಸಾಪ್ ಗುಂಪಿಗೆ ಸೇರಿದರೆ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದೆರಡು ಸಲ ಆಡಿ ನಂಬಿಕೆ ಬರುವವರೆಗೆ ಆಪ್‌ನೊಳಗೇ ಮಾತಾಡಿ. ಪರಿಚಯವಾಗುವ ಮುಂಚೆ ಒಬ್ಬ ವ್ಯಕ್ತಿಗೆ ತಿಂಗಳುಗಟ್ಟಲೆ ಮುಂಗಡ ಕಳಿಸಬೇಡಿ, ಆ ದಿನದ ಪಾಲು ಆ ದಿನ ಕೊಡಿ.

ಇನ್ನಿಬ್ಬರು ಸಿಕ್ಕು ನಿಮ್ಮ ಗುಂಪು ಆರಾಯಿತು ಅಂದುಕೊಳ್ಳೋಣ. ಉಳಿಸಿಕೊಳ್ಳುವುದು ಹೇಗೆ? ನಾನು ನೋಡಿದ ಗುಂಪುಗಳು ಮುರಿದದ್ದು ಆಟದಿಂದಲ್ಲ, ದುಡ್ಡಿನಿಂದ ಮತ್ತು ಸರದಿಯಿಂದ.

ದುಡ್ಡು ಮೊದಲು. ಬಂದವರು ಮಾತ್ರ ಕೊಡುವುದು ಅಂತ ಇಟ್ಟರೆ ಮಳೆ ಬಂದ ದಿನ ಬಂದ ಮೂವರೇ ಇಡೀ ಬಾಡಿಗೆ ಹೊರುತ್ತಾರೆ. ಎರಡು ಸಲ ಹಾಗಾದರೆ ಮೂರನೇ ಸಲ ಅವರೂ ಬರುವುದಿಲ್ಲ. ಬದಲು, ತಿಂಗಳ ಮೊದಲ ವಾರ ಎಲ್ಲರೂ ಸಮನಾಗಿ ಹಾಕಿಬಿಡಿ, ಬಂದರೂ ಸರಿ, ಬರದಿದ್ದರೂ ಸರಿ. ಗಂಟೆಗೆ 400 ರೂಪಾಯಿ ಬಾಡಿಗೆ, ವಾರಕ್ಕೆ ಎರಡು ಗಂಟೆ ಅಂತ ಇಟ್ಟುಕೊಂಡರೆ ನಾಲ್ಕು ವಾರಕ್ಕೆ 3,200. ಶಟಲ್‌ಗೆ 1,000. ಒಟ್ಟು 4,200, ತಲೆಗೆ 700. ಕೊಟ್ಟ ದುಡ್ಡು ಹಾಳಾಗುತ್ತದಲ್ಲ ಅಂತ ಸೋಮಾರಿತನ ಬಂದ ದಿನವೂ ಜನ ಎದ್ದು ಬರುತ್ತಾರೆ. ಬರಲಾಗದವರು ತಮ್ಮ ಬದಲು ಯಾರನ್ನಾದರೂ ಕಳಿಸಬಹುದು. ಹಾಗೆ ಬಂದವರೇ ಮುಂದೆ ಏಳನೆಯವರಾಗುತ್ತಾರೆ.

ಆರು ಜನಕ್ಕೆ ಒಂದು ಗಂಟೆ ಸಾಲುವುದಿಲ್ಲ, ಅದಕ್ಕೇ ಎರಡು ಗಂಟೆ ಹೇಳಿದ್ದು. ಡಬಲ್ಸ್‌ನ ಒಂದು 21 ಪಾಯಿಂಟ್ ಗೇಮ್‌ಗೆ ಹವ್ಯಾಸಿಗಳಿಗೆ ಕಾಲು ಗಂಟೆ ಹಿಡಿಯುತ್ತದೆ. ಎರಡು ಗಂಟೆಗೆ ಎಂಟು ಗೇಮ್, ಒಬ್ಬೊಬ್ಬರಿಗೂ ಐದು ಗೇಮ್ ಸಿಗುತ್ತದೆ.

ಸರದಿಯಲ್ಲಿ ಒಂದು ಕೆಟ್ಟ ಪದ್ಧತಿ ಬೇರೂರಿದೆ. ಗೆದ್ದವರು ನಿಲ್ಲುವುದು, ಸೋತವರು ಹೊರಗೆ. ಇದರಲ್ಲಿ ಜಾಸ್ತಿ ಆಡಬೇಕಾದವರೇ ಜಾಸ್ತಿ ಹೊತ್ತು ಬೆಂಚಿನ ಮೇಲೆ ಕೂರುತ್ತಾರೆ. ನಿಮ್ಮಲ್ಲಿ ಮೂರು ಜೋಡಿ ಮಾಡಿ, ಮೊದಲ ಗೇಮ್ ಆದ ಮೇಲೆ ಒಂದು ಜೋಡಿ ಹೊರಗೆ ಬಂದು ಮೂರನೇ ಜೋಡಿಗೆ ಜಾಗ ಕೊಡಲಿ, ಆಮೇಲೆ ಸತತ ಎರಡು ಗೇಮ್ ಆಡಿದ ಜೋಡಿ ಗೆದ್ದರೂ ಸೋತರೂ ಒಂದು ಗೇಮ್ ಹೊರಗೆ ಅಂತ ಇಡಿ. ಮೂರು ಗೇಮ್ ಮುಗಿದ ಮೇಲೆ ಜೋಡಿ ಬದಲಿಸಿ. ಎರಡು ವಾರದಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿದಂತಾಗುತ್ತದೆ, ‘ಅವರಿಬ್ಬರೇ ಯಾವಾಗಲೂ ಒಂದು ಕಡೆ’ ಅನ್ನುವ ಗೊಣಗು ಇರುವುದಿಲ್ಲ.

ಮೈ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕಾಲೇಜಿನ ಆಟ ತಲೆಯಲ್ಲಿ ಹಾಗೇ ಇರುತ್ತದೆ, ಕಾಲು ಮರೆತಿರುತ್ತದೆ. ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಾಕು, ನಡುವೆ ಬಿಡುವು ಇರಲಿ. ಕೋರ್ಟ್‌ಗೆ ಇಳಿಯುವ ಮುಂಚೆ ಹತ್ತು ನಿಮಿಷ ಓಡಿ, ಮೀನಖಂಡ, ಹಿಮ್ಮಡಿ, ಭುಜ ಸಡಿಲ ಮಾಡಿ. ವರ್ಷಗಳ ನಂತರ ಆಡುವವರಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಪಟ್ಟನೆ ಹರಿಯುವುದುಂಟು, ಅದು ಗುಣವಾಗಲು ತಿಂಗಳುಗಳೇ ಬೇಕು. ವಾಕಿಂಗ್ ಶೂ ಹಾಕಿ ಆಡಬೇಡಿ. ಅದರ ದಪ್ಪ ಅಟ್ಟೆ ಪಕ್ಕಕ್ಕೆ ಜಿಗಿದಾಗ ಹೊರಳಿ ಕಾಲು ಉಳುಕಿಸುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ನೆಲಕ್ಕೆ ಗುರುತು ಬೀಳಿಸದ (ನಾನ್-ಮಾರ್ಕಿಂಗ್) ಬ್ಯಾಡ್ಮಿಂಟನ್ ಶೂಗೆ ಹಾಕಿ. ಇನ್ನೊಂದು, ನೀವು ಮುಂದೆ ಇದ್ದಾಗ ಹಿಂದಿರುವ ಜೊತೆಗಾರರು ಏನು ಹೊಡೆಯುತ್ತಾರೆ ಅಂತ ತಿರುಗಿ ನೋಡಬೇಡಿ. ಹಾಗೆ ತಿರುಗಿದಾಗ ಶಟಲ್ ಕಣ್ಣಿಗೇ ಬೀಳುವುದುಂಟು.

ರಾಕೆಟ್ ಹೊಸದು ಬೇಡ. ಹಳೆಯದರ ಚೌಕಟ್ಟನ್ನು ಬೆಳಕಿಗೆ ಹಿಡಿದು ಸುತ್ತ ನೋಡಿ, ಬಿರುಕು ಇಲ್ಲದಿದ್ದರೆ ಆರಾಮಾಗಿ ಆಡಬಹುದು. ಹದಿನೈದು ವರ್ಷದ ಗಟ್ಟಿಂಗ್ (ದಾರಗಳ ಹೆಣಿಗೆ) ಮಾತ್ರ ಸತ್ತಿರುತ್ತದೆ. ಸ್ಪೋರ್ಟ್ಸ್ ಅಂಗಡಿಯಲ್ಲಿ ಹೊಸ ಗಟ್ಟಿಂಗ್ ಹಾಕಿಸಿ, 22 ಪೌಂಡ್ ಬಿಗಿ ಅಂತ ಹೇಳಿ. ಅದಕ್ಕಿಂತ ಬಿಗಿ ಮಾಡಿಸಿ ಅಂತ ಅಂಗಡಿಯವರು ಹೇಳಿದರೂ ಈಗ ಬೇಡ, ಮೊಣಕೈ ನೋಯುತ್ತದೆ. ಹಿಡಿಯ ಹಳೇ ಗ್ರಿಪ್ ಪುಡಿಯಾಗಿ ಕೈಗೆ ಅಂಟುತ್ತಿರಬಹುದು, ಅದನ್ನೂ ಆಗಲೇ ಬದಲಾಯಿಸಿಕೊಳ್ಳಿ.